ಸಾಲು ಮುರಿಯುವ ಮೊದಲು

ಪ್ರಿಯ ಕವಿಮಿತ್ರರೇ,

ನಿಮ್ಮ ಚೊಚ್ಚಲ ಸಂಕಲನದ ಹಸ್ತಪ್ರತಿಯನ್ನು ಪೂರ್ತಿ ಓದಿದೆ, ಕೆಲವು ಕವಿತೆಗಳನ್ನು ಗಟ್ಟಿಯಾಗಿಯೂ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಹಾಗೆಂದು ಕೈಬಿಡುವ ಮನಸ್ಸೂ ಇಲ್ಲ. ಅದಕ್ಕೆ ಕಾರಣ ‘ಅರುವತ್ತೊಂದು’ ಎಂಬ ಕವಿತೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿನಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಲ್ಲುವ ಆ 61 ದಿನಗಳಿಗೆ ನೀವು 61 ಸಾಲು ಇಟ್ಟಿದ್ದೀರಿ. ಮೀನು ಮಾರುವ ತಾಯಿಗೆ ವ್ಯಾಪಾರವಿಲ್ಲದ ದಿನದ ಸಾಲು ಖಾಲಿ. ಜುಲೈ ನಡುವಿನಲ್ಲಿ ಸಾಲು ಸಾಲೇ ಖಾಲಿ ಬಂದಾಗ ನನಗೆ ಉಸಿರು ಕಟ್ಟಿತು. ಈ ಸಂಕಟವನ್ನು ಬೇರೆ ಯಾವ ರೂಪದಲ್ಲಿ ಬರೆದಿದ್ದರೂ ಇಷ್ಟು ತಟ್ಟುತ್ತಿರಲಿಲ್ಲ. ‘ಐಸಿನ ಬಂಗುಡೆಯ ಕಿವಿರು ಎತ್ತಿ / ಸುಳ್ಳು ಹುಡುಕಿದಳು ಗಿರಾಕಿ’ ಎಂಬುದನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದ್ದೇನೆ. ಕೊನೆಯ ‘ಬದುಕೇ ಒಂದು ನಿಷೇಧ’ವನ್ನು ಮಾತ್ರ ಹೊಡೆದುಹಾಕಿ, ಆ ಸಾಲನ್ನೂ ಖಾಲಿ ಬಿಡಿ.

ಉಳಿದ ಕಡೆ ಇಂಥ ಅಗತ್ಯ ಕಾಣುವುದಿಲ್ಲ. ‘ಶೂನ್ಯ’ದ ಅಕ್ಷರಗಳನ್ನು ಸುರುಳಿಯಾಗಿ ಜೋಡಿಸಿದ್ದೀರಿ, ನೆಟ್ಟಗೆ ಬರೆದುಕೊಂಡು ನೋಡಿದರೆ ಸಿಗುವುದು ಮೌನ, ಬೆತ್ತಲೆ, ಕತ್ತಲು ಎಂಬ ಸವೆದ ಮಾತುಗಳೇ. ಇನ್ನೊಂದರಲ್ಲಿ ‘ಹತ್ತು’ ಎಂಬುದನ್ನು ಒಡೆದು ‘ಹ’ವನ್ನು ಒಂದು ಸಾಲಿಗೆ, ‘ತ್ತು’ವನ್ನು ಮರುಸಾಲಿಗೆ ಹಾಕಿದ್ದೀರಿ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗಿ ಎರಡು ಮಾತ್ರೆಯ ಕಾಲ ಹಿಡಿಯುವುದು ನಿಮಗೆ ಗೊತ್ತು. ಆ ‘ಹ’ ನಿಲ್ಲುವುದೇ ಮುಂದಿನ ತಕಾರಕ್ಕೆ ಆತುಕೊಂಡು. ಅಲ್ಲಿ ಕಡಿದರೆ ಓದುವವರ ನಾಲಗೆ ಎಡವುತ್ತದೆ. ಎಡವಿಸುವುದೇ ಉದ್ದೇಶವಾಗಿದ್ದರೆ ಒಪ್ಪುತ್ತಿದ್ದೆ. ಆದರೆ ಕವಿತೆಯಲ್ಲಿ ಮಗು ಮೆಟ್ಟಿಲು ಹತ್ತುತ್ತಾ ನಲಿಯುತ್ತಿದೆಯಲ್ಲ!

ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸವನ್ನು, ಎಂದರೆ ಸಾಲು ಸಾಲಿನ ಎರಡನೆಯ ಅಕ್ಷರ ಹೊಂದಿಸುವ ಕಟ್ಟನ್ನು, ಕೈಬಿಟ್ಟರು. ಪ್ರಾಸ ಹೋದರೂ ಲಯ ಉಳಿಯಿತು. ಮೊಗೇರಿಯ ಗೋಪಾಲಕೃಷ್ಣ ಅಡಿಗರ ಮೊದಲ ಸಂಕಲನ ‘ಭಾವತರಂಗ’ 1946ರದು, ನವ್ಯದ ದಾರಿ ಹಿಡಿದ ‘ಚಂಡೆಮದ್ದಳೆ’ 1954ರದು. ಹಳೆಯ ಲಯದಲ್ಲಿ ಕೈ ಪಳಗಿದ ಮೇಲೆ ಅವರು ಅದನ್ನು ಮುರಿದರು. ನಿಮಗೂ ಒಳ್ಳೆಯ ಕಿವಿ ಇದೆ. ಮಳೆಯ ಗೀತೆಗಳಲ್ಲಿ ಮೂರು ನಾಲ್ಕು ಮಾತ್ರೆಗಳ ನಡೆ ತಾನಾಗಿ ಬಂದಿದೆ. ಅದನ್ನು ಮರೆಮಾಚುವಂತೆ ಪದಗಳನ್ನು ಪುಟದ ತುಂಬ ಚೆಲ್ಲಿದ್ದೇಕೆ? ಹಾಡಿನ ಗುಣ ಇದ್ದರೆ ಹಳಬರೆನಿಸಿಕೊಳ್ಳುತ್ತೇವೆ ಎಂಬ ಅಂಜಿಕೆ ಬೇಡ.

ಮುನ್ನುಡಿ, ಬೆನ್ನುಡಿಗಳನ್ನು ಆಗಲೇ ಬರೆಸಿಕೊಂಡಿದ್ದೀರಿ, ಅದು ಅವಸರವಾಯಿತು. 74 ಕವಿತೆಗಳಲ್ಲಿ ಮೂವತ್ತು ಉಳಿದರೂ ಸಾಕು. ಯಾವುದನ್ನು ಇಡಬೇಕೆಂದು ನೀವೇ ಆರಿಸಿ. ನಾನು ಆರಿಸಿದರೆ ಪುಸ್ತಕ ನನ್ನ ರುಚಿಯದಾಗುತ್ತದೆ. ಒಂದೊಂದನ್ನೂ ಕವಿತೆಯ ಗಂಧವಿಲ್ಲದ ಒಬ್ಬರ ಎದುರು ಓದಿ, ಅವರು ಎಲ್ಲಿ ಮುಖ ಎತ್ತಿದರು ಎಂದು ಗಮನಿಸಿ. ತಿದ್ದಿದ ಪ್ರತಿ ಬಂದ ಕೂಡಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ
ಮಂಗಳೂರು