ಪಟ್ಟಿಯಿಂದ ಹೆಸರು ಹೋಗಿದೆ, ನೇರ ಹೈಕೋರ್ಟಿಗೆ ಹೋಗಬಹುದೇ?

ಎಪಿಕ್ ಕಾರ್ಡ್ (ಮತದಾರರ ಗುರುತಿನ ಚೀಟಿ) ಕೈಯಲ್ಲಿದೆ, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ, ನೇರ ಹೈಕೋರ್ಟಿಗೆ ಅರ್ಜಿ, ಅಂದರೆ ರಿಟ್ ಹಾಕಲೇ ಎಂದು ಕೇಳಿದ್ದೀರಿ. ಒಂದು ಕಾಲಕ್ಕೆ ನಾನೂ ಇದನ್ನೇ ಕೇಳಿದವನು. ಈಗಲೇ ರಿಟ್ ಬೇಡ. ಇವತ್ತೇ ಹೆಸರು ಸೇರಿಸುವ ಅರ್ಜಿ, ನಮೂನೆ 6 ಕೊಡಿ.

ಕಾರ್ಡ್ ಇದ್ದರೆ ಮತ ಇದ್ದಂತೆ ಅನ್ನುವ ನಂಬಿಕೆಯೇ ಎಲ್ಲರನ್ನೂ ಕೆಡಿಸುವುದು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಸೆಕ್ಷನ್ 62 ನೋಡುವುದು ಪಟ್ಟಿಯಲ್ಲಿರುವ ಹೆಸರನ್ನು. ಕಾರ್ಡ್ ಬರೀ ಗುರುತಿಗೆ. ಅದರ ಧೈರ್ಯದಲ್ಲಿ ಜನ ಪಟ್ಟಿ ತೆರೆದೇ ನೋಡುವುದಿಲ್ಲ, ಮತದಾನದ ದಿನ ಬೂತಿನಲ್ಲಿ ಗೊತ್ತಾಗುತ್ತದೆ. 1950ರ ಕಾಯ್ದೆಯ ಸೆಕ್ಷನ್ 23(3) ಪ್ರಕಾರ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಆ ಚುನಾವಣೆ ಮುಗಿಯುವವರೆಗೆ ಹೆಸರು ಸೇರಿಸುವಂತಿಲ್ಲ, ತೆಗೆಯುವಂತೆಯೂ ಇಲ್ಲ. ಹಾಗಾಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಾದ್ದು ಮತದಾನದ ದಿನಕ್ಕಲ್ಲ, ನಾಮಪತ್ರದ ಕೊನೆಯ ದಿನಕ್ಕೆ. ಅರ್ಜಿಗೆ ಆಕ್ಷೇಪಣೆ ಕರೆಯಲು 7 ದಿನ ಬೇಕು. ಅದಕ್ಕೇ ಕನಿಷ್ಠ 10 ದಿನ ಮುಂಚೆ ಅರ್ಜಿ ಸೇರಿರಬೇಕು. ಆ ಗಡುವಿನಾಚೆ ಹೈಕೋರ್ಟ್ ಕೂಡ ಕೈಹಾಕಲು ಹಿಂಜರಿಯುತ್ತದೆ. ಚುನಾವಣೆ ಶುರುವಾದ ಮೇಲೆ ಕೋರ್ಟ್ ನಡುವೆ ಬರಬಾರದು ಎನ್ನುವ ಸಂವಿಧಾನದ 329(ಬಿ) ವಿಧಿ, ಸುಪ್ರೀಂ ಕೋರ್ಟಿನ 1952ರ ಪೊನ್ನುಸ್ವಾಮಿ ತೀರ್ಪು ಎರಡೂ ಅಡ್ಡ ಬರುತ್ತವೆ. ಸಿವಿಲ್ ಕೋರ್ಟಿಗಂತೂ 1950ರ ಕಾಯ್ದೆಯ ಸೆಕ್ಷನ್ 30ರ ತಡೆಯೇ ಇದೆ.

ನಮೂನೆ 6ರ ಮೇಲೆ 'ಹೊಸ ಮತದಾರ' ಎಂದಿರುತ್ತದೆ, ಗಾಬರಿ ಬೇಡ, ತೆಗೆದ ಹೆಸರು ವಾಪಸ್ ಬರುವುದೂ ಅದರಿಂದಲೇ. ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದೇ ದಿನ ಮತದಾರರ ನೋಂದಣಾಧಿಕಾರಿಗೆ ಇನ್ನೊಂದು ಅರ್ಜಿ ಕೊಟ್ಟು ಹೆಸರು ತೆಗೆದ ಆದೇಶ, ಯಾರೋ ಕೊಟ್ಟ ನಮೂನೆ 7 (ಹೆಸರು ತೆಗೆಯುವ ಅರ್ಜಿ), ನೋಟಿಸ್ ಜಾರಿಯಾದ ದಾಖಲೆ, ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ವರದಿ ಇವುಗಳ ದೃಢೀಕೃತ ನಕಲು ಕೇಳಿ. ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ಅದೇ 1950ರ ಕಾಯ್ದೆಯ ಸೆಕ್ಷನ್ 22ರ ಪ್ರಕಾರ 'ಇಲ್ಲಿ ವಾಸವಿಲ್ಲ' ಎಂದು ತೆಗೆಯುವ ಮುನ್ನ ನಿಮ್ಮ ಮಾತು ಕೇಳಲೇಬೇಕು. 'ಸತ್ತಿದ್ದಾರೆ' ಎಂದು ಬರೆದರೆ ಆ ಷರತ್ತು ಅನ್ವಯಿಸದು, ಬದುಕಿರುವವರು ಸತ್ತವರ ಲೆಕ್ಕಕ್ಕೆ ಜಾರುವ ಕಂಡಿ ಅದೇ. ನಮೂನೆ 7 ಕೊಟ್ಟವರು ಅದೇ ಕ್ಷೇತ್ರದ ಮತದಾರರಾಗಿರಬೇಕು. ಅರ್ಜಿ ನಿಜಕ್ಕೂ ಅವರೇ ಕೊಟ್ಟದ್ದೇ ಎಂದು ಆ ಹೆಸರಿನವರನ್ನು ಹೋಗಿ ವಿಚಾರಿಸಿ. 2023ರ ಚುನಾವಣೆಗೆ ಮುನ್ನ ಆಳಂದದಲ್ಲಿ ಆನ್‌ಲೈನಲ್ಲಿ ಬಂದ, ಹೆಸರು ತೆಗೆಯುವ 6,018 ಅರ್ಜಿಗಳಲ್ಲಿ ನಿಜವಾದವು 24 ಮಾತ್ರ ಎಂದು ಪರಿಶೀಲನೆಯಲ್ಲಿ ಕಂಡುಬಂದಿತ್ತು. ಸುಳ್ಳು ಘೋಷಣೆಗೆ ಸೆಕ್ಷನ್ 31ರಡಿ 1 ವರ್ಷದವರೆಗೆ ಜೈಲು.

ಆದೇಶ ತಪ್ಪಾಗಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ, ಅಲ್ಲೂ ಸೋತರೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ. ಇದನ್ನು ಬಿಟ್ಟು ನೇರ ಹೋದರೆ ಹೈಕೋರ್ಟು ಮೊದಲು ಕೇಳುವುದೇ 'ಮೇಲ್ಮನವಿ ಹಾಕಿದಿರಾ' ಎಂದು.

ಹಾಗಂತ ಕೋರ್ಟಿಗೆ ಹೋಗುವುದೇ ವ್ಯರ್ಥ ಅಂತ ಮಾತ್ರ ತಿಳಿಯಬೇಡಿ. ದೆಹಲಿ, ಮುಂಬೈಗಳಲ್ಲಿ ವಿದೇಶಿಯರೆಂಬ ಶಂಕೆಯ ಮೇಲೆ, ಪೊಲೀಸ್ ವರದಿ ಹಿಡಿದು ಹೆಸರು ತೆಗೆಯಲು ಹೊರಟಾಗ, 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕಡಿವಾಣ ಹಾಕಿತು. ಪಟ್ಟಿಯಲ್ಲಿ ಈಗಾಗಲೇ ಇರುವ ಹೆಸರು ವಿಧಿವತ್ತಾಗಿ ಸೇರಿದೆ ಎಂದೇ ಭಾವಿಸಬೇಕು, ಆಧಾರವೇನೆಂದು ಆ ವ್ಯಕ್ತಿಗೆ ತಿಳಿಸಬೇಕು, ಅಧಿಕಾರಿ ಸ್ವಂತ ಬುದ್ಧಿಯಿಂದ ನಿರ್ಧರಿಸಬೇಕು ಎಂದಿತು. ಬಿಹಾರದಲ್ಲಿ 2025ರ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದಾಗ, ಚುನಾವಣಾ ಸುಧಾರಣೆಗೆ ದುಡಿಯುವ ಎಡಿಆರ್ ಸಂಸ್ಥೆ ಮತ್ತಿತರರ ಅರ್ಜಿಗಳ ಮೇಲೆ ಆಗಸ್ಟ್ 14ರಂದು ಅದೇ ಕೋರ್ಟ್, ಆ ಹೆಸರುಗಳನ್ನು ಕಾರಣ ಸಮೇತ ಪ್ರಕಟಿಸಿ ಎಂದು ಆದೇಶಿಸಿತು. ಎರಡೂ ಕಡೆ ಗೆಲ್ಲಿಸಿದ್ದು ಕಾರ್ಯವಿಧಾನದ ಪ್ರಶ್ನೆ.

ಆದ್ದರಿಂದ ರಿಟ್ ಹಾಕುವ ದಿನ ಬಂದರೆ 'ನನಗೆ ಮತ ಹಾಕಲು ಬಿಡಿ' ಎಂದು ಬೇಡಬೇಡಿ. 'ನೋಟಿಸ್ ಕೊಡದೆ ಮಾಡಿದ ಆದೇಶ ರದ್ದುಪಡಿಸಿ, ಹೆಸರು ಮತ್ತೆ ಸೇರಿಸಿ' ಎಂದು ಕೇಳಿ, ಮೇಲಿನ ನಕಲುಗಳನ್ನು ಅನುಬಂಧವಾಗಿ ಲಗತ್ತಿಸಿ. ನಕಲೇ ಕೊಡದಿದ್ದರೆ ಅರ್ಜಿಯ ಸ್ವೀಕೃತಿ ಸಾಕು. ದಾಖಲೆ ತರಿಸಿ ಎಂದು ಅದರ ಮೇಲೇ ಕೋರಬಹುದು.