ದೃಢೀಕರಣ ಸಂಸ್ಕಾರ (ಕನ್ಫರ್ಮೇಶನ್) ಆದಮೇಲೆ ಹುಡುಗರು ಚರ್ಚಿನ ಯುವಕೂಟಕ್ಕೆ ಬರಲ್ಲ, ಬಂದರೂ ಮೊಬೈಲ್ ಬಿಡಲ್ಲ. ಯಾವ ಕಾರ್ಯಕ್ರಮ ಇಟ್ಟರೆ ಉಳಿಯುತ್ತಾರೆ?

ಇದೇ ಪ್ರಶ್ನೆನ ನಾನು ನಮ್ಮ ಫಾದರ್ ಹತ್ರ ಕೇಳಿದ್ದೆ. ಹೊಸನಗರ ಕಡೆಯ ಸಣ್ಣ ಧರ್ಮಕೇಂದ್ರ ನಮ್ಮದು. ಮನೆಯೊಳಗೆ ಕೊಂಕಣಿ, ಮಲಯಾಳಂ. ಹುಡುಗರು ಹುಡುಗರೇ ಸೇರಿದರೆ ಕನ್ನಡ. ಹೈಸ್ಕೂಲಿಂದ ಪಿಯುಸಿವರೆಗಿನವರನ್ನ ನನ್ನ ತಲೆಗೆ ಕಟ್ಟಿದ್ರು. ಭಾನುವಾರ ಚರ್ಚಿನ ಬಲಿಪೂಜೆ (ಮಾಸ್) ಮುಗಿದಮೇಲೆ ಬೆಂಚಲ್ಲಿ ಕೂರಿಸಿ ಪಾಠ ಮಾಡ್ತಿದ್ದೆ. ಒಬ್ಬನಾದರೂ ಬಾಯಿ ಬಿಟ್ಟರೆ ಕೇಳಿ.

ಬಾಯಿ ಬಿಟ್ಟಿದ್ದು ಅಡಿಕೆ ಸುಲಿಯುವಾಗ. ಕೊಯ್ಲಿನ ಕಾಲದಲ್ಲಿ ಸಂಜೆಯಾದರೆ ಅರ್ಧ ಹುಡುಗರು ಯಾರದೋ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಇರ್ತಾರೆ, ಡಬ್ಬಕ್ಕಿಷ್ಟು ಅಂತ ಕೈಖರ್ಚಿಗೆ ಸಿಗುತ್ತೆ. ನಾನೂ ಹೋಗಿ ಕೂತೆ. ಪಕ್ಕದಲ್ಲಿದ್ದವನು ತಲೆ ಎತ್ತದೆ, "ಅಣ್ಣಾ, ಪಕ್ಕದ್ಮನೆ ಚಪ್ಪರದಿಂದ ಒಣ ಅಡಿಕೆ ಕದ್ದು ಮಾರಿದೀನಿ" ಅಂದ. ಮೊಬೈಲಲ್ಲಿ ರಮ್ಮಿ ಆಡಿ ಸಾಲ ಮಾಡ್ಕೊಂಡಿದ್ದ. ಹೇಳ್ತಾ ಹೇಳ್ತಾನೇ ಸುಲೀತಿದ್ದ, ಅಡಿಕೆ ಡಬ್ಬಕ್ಕೆ ಬೀಳ್ತಾನೇ ಇತ್ತು.

ಮುಂದಿನ ಭಾನುವಾರ ಪ್ರಾಮಾಣಿಕತೆ ಬಗ್ಗೆ ಮಾತಾಡುವಾಗ, "ನಮ್ಮಲ್ಲೇ ಒಬ್ಬ ಚಪ್ಪರದ ಅಡಿಕೆಗೆ ಕೈ ಹಾಕಿದ್ದ, ಈಗ ಪಶ್ಚಾತ್ತಾಪ ಪಡ್ತಿದಾನೆ" ಅಂದುಬಿಟ್ಟೆ. ಹೆಸರು ಹೇಳಲಿಲ್ಲವಲ್ಲ ಅಂತ ನನಗೆ ಸಮಾಧಾನ ಬೇರೆ! ಊರಲ್ಲಿ ಚಪ್ಪರ ಹಾಕೋ ಮನೆ ಎಷ್ಟಿರುತ್ತೆ? ಅದರ ಪಕ್ಕದಲ್ಲಿ ಕ್ರೈಸ್ತರ ಮನೆ ಎಷ್ಟು? ಅದರಲ್ಲಿ ಹದಿನಾರರ ಹುಡುಗ ಎಷ್ಟು ಜನ? ನಾನು ವಾಕ್ಯ ಮುಗಿಸೋದ್ರೊಳಗೆ ಎಲ್ಲರ ಕತ್ತೂ ಅವನ ಕಡೆ ತಿರುಗಿತ್ತು. ಅವನನ್ನ ಹೊಗಳ್ತಿದೀನಿ ಅಂತಲೇ ನಾನು ಅಂದ್ಕೊಂಡಿದ್ದು. ನಿಜ ಏನಂದ್ರೆ, ನನ್ನ ಪಾಠ ಸಪ್ಪೆಯಾಗಿತ್ತು, ಅದಕ್ಕೊಂದು ಒಳ್ಳೆ ಉದಾಹರಣೆ ಬೇಕಿತ್ತು. ಅವನ ಗುಟ್ಟನ್ನ ಒಗ್ಗರಣೆಗೆ ಬಳಸ್ಕೊಂಡೆ. ಮಧ್ಯಾಹ್ನಕ್ಕೆ ಅವನಪ್ಪನಿಗೆ ಗೊತ್ತಾಯ್ತು, ಸಂಜೆಗೆ ತೋಟದವರಿಗೆ. ಅವನು ಮತ್ತೆ ಬರಲಿಲ್ಲ. ಉಳಿದವರು ಬಂದ್ರು, ಆದರೆ ನನ್ನ ಹತ್ರ ಕ್ರಿಕೆಟ್ ಬಿಟ್ಟು ಬೇರೇನೂ ಮಾತಾಡಲಿಲ್ಲ. ಕ್ಷಮೆ ಕೇಳೋಕೆ ಮನೆಗೆ ಹೋದಾಗ ಅವನ ಅಮ್ಮ ಕಾಫಿ ಕೊಟ್ರು, ಹುಡುಗ ಹಿತ್ತಲಿಂದ ಒಳಗೆ ಬರಲೇ ಇಲ್ಲ.

ಹಾಗಾಗಿ ಯಾವ ಕಾರ್ಯಕ್ರಮ ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಮೊಬೈಲನ್ನೂ ಬೈಬೇಡಿ, ಹೇಳೋದು ಬೋರಾದ್ರೆ ದೊಡ್ಡವರೂ ಅದನ್ನೇ ನೋಡ್ತಾರೆ. ಕ್ರೈಸ್ತ ವಿದ್ಯಾರ್ಥಿಗಳ ಸಂಘಟನೆ ವೈ.ಸಿ.ಎಸ್. ಸಭೆಗಳಲ್ಲಿ ಬಳಸೋ ಕ್ರಮ ಇದೆಯಲ್ಲ, ಮೊದಲು ನೋಡು, ಆಮೇಲೆ ವಿಚಾರ ಮಾಡು, ಆಮೇಲೆ ಕೆಲಸಕ್ಕಿಳಿ ಅಂತ. ಅದು ಬೆಲ್ಜಿಯಂನಲ್ಲಿ ದುಡಿಯೋ ಹುಡುಗರನ್ನ ಸಂಘಟಿಸಿದ ಫಾದರ್ ಜೋಸೆಫ್ ಕಾರ್ಡೈನ್ ಅವರಿಂದ ಬಂದಿದ್ದು. ನಾವು ಮೊದಲನೇದನ್ನ ಹಾರಿಸಿ ಸೀದಾ ತೀರ್ಪು ಕೊಡೋಕೆ ಕೂರ್ತೀವಿ. ಎದುರುಬದುರು ಕೂರಿಸಬೇಡಿ, ಪಕ್ಕದಲ್ಲಿ ಕೂತು ಏನಾದರೂ ಕೆಲಸ ಮಾಡಿ.

ಕೇಳಿಸ್ಕೊಂಡಿದ್ದನ್ನ ಎಲ್ಲೂ ಉದಾಹರಣೆ ಮಾಡಬೇಡಿ, ಹೆಸರು ಬಿಟ್ಟೂ ಮಾಡಬೇಡಿ. ಹಾಗಂತ "ಯಾರಿಗೂ ಹೇಳಲ್ಲ" ಅಂತ ಪೂರ್ತಿ ಮಾತೂ ಕೊಡಬೇಡಿ. ಹದಿನೆಂಟರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ನಿಮಗೇ ಶಿಕ್ಷೆ. ಆರೋಪ ಯಾರ ಮೇಲಿದ್ರೂ ಅಷ್ಟೇ, ಚರ್ಚಿನವರಾದ್ರೂ ಸರಿ. ಇದನ್ನ ಮೊದಲ ದಿನವೇ ಹುಡುಗರಿಗೆ ಹೇಳಿಬಿಡಿ, ಮಕ್ಕಳ ಸಹಾಯವಾಣಿ 1098 ನಂಬರನ್ನೂ ಕೊಡಿ. ಬಾಗಿಲು ಹಾಕ್ಕೊಂಡು ಒಬ್ಬನ ಜೊತೆ ಕೂರಬೇಡಿ, ಇನ್ನೊಬ್ಬ ದೊಡ್ಡವರು ಕಣ್ಣಳತೆಯಲ್ಲಿ ಇರಲಿ.

ಕೊಯ್ಲು ಮುಗಿಯೋವರೆಗೆ ಭಾನುವಾರದ ಕ್ಲಾಸ್ ನಿಲ್ಲಿಸಿ. ಕ್ರಿಸ್ಮಸ್ ಗೋದಲಿ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ ಕಟ್ಟೋದನ್ನ ಪೂರ್ತಿ ಹುಡುಗರ ಕೈಗೆ ಬಿಡಿ, ಬಿದಿರು ಕಡಿಯೋದರಿಂದ ಲೈಟಿನ ವೈರ್ ಎಳೆಯೋವರೆಗೆ. ಸೊಟ್ಟ ಆದ್ರೆ ಸೊಟ್ಟ ಆಗಲಿ. ಚರ್ಚಿನ ಪಾಲನಾ ಸಮಿತಿಯವರು ಬಂದು ತಿದ್ದೋಕೆ ನಿಲ್ತಾರೆ, ಅವರನ್ನ ದೂರ ಇಡೋದೇ ನಿಮ್ಮ ದೊಡ್ಡ ಕೆಲಸ.