ಪಿಂಡ ಹಾಕಿಸು ಅಂದದ್ದು ತಪ್ಪಾಯಿತೇ?

ಪ್ರಶ್ನೆ: ನನ್ನ ಜೊತೆ ಕೆಲಸ ಮಾಡುವ ಹುಡುಗಿ ಶ್ರೀಲಂಕಾದ ತಮಿಳಿನವಳು, ತಮಿಳುನಾಡಿನ ಮಂಡಪಂ ನಿರಾಶ್ರಿತರ ಶಿಬಿರದಲ್ಲಿ ಬೆಳೆದವಳು. ಅವಳ ಸೋದರಮಾವ 2009ರಲ್ಲಿ, ಶ್ರೀಲಂಕಾ ಸೈನ್ಯಕ್ಕೂ ತಮಿಳು ಹುಲಿಗಳಿಗೂ (ಎಲ್‌ಟಿಟಿಇ) ನಡೆದ ಯುದ್ಧದ ಕೊನೆಗೆ, ಸೈನ್ಯಕ್ಕೆ ಶರಣಾದರಂತೆ, ಆಮೇಲೆ ಸುದ್ದಿಯೇ ಇಲ್ಲ. ‘ಗೋಕರ್ಣ ಇಲ್ಲೇ ಹತ್ತಿರ, ಒಂದು ಪಿಂಡ ಹಾಕಿಸಿಬಿಡು, ಮನಸ್ಸು ಹಗುರಾಗುತ್ತೆ’ ಅಂದೆ. ಅಂದಿನಿಂದ ಮಾತೇ ಬಿಟ್ಟಿದ್ದಾಳೆ. ಹಳೇ ಗಾಯ ಕೆದಕಿ ಯಾರಿಗೇನು ಲಾಭ?
– ಕುಮಟಾದ ಓದುಗರು

ಉತ್ತರ: ಒಳ್ಳೆ ಮನಸ್ಸಿನಿಂದಲೇ ಹೇಳಿದ್ದೀರಿ. ಆದರೆ ಪಿಂಡ ಹಾಕಿಸು ಅಂದರೆ ‘ನಿನ್ನ ಮಾವ ಸತ್ತರು, ಒಪ್ಪಿಕೋ’ ಅಂದ ಹಾಗೆ ಅಲ್ವಾ? ಸತ್ತರು ಅಂತ ಅವಳಿಗೆ ಯಾರೂ ಹೇಳಿಲ್ಲ. ಹೇಳಬೇಕಾದವರು ಬಾಯಿ ಬಿಡುತ್ತಿಲ್ಲ.

ನಮ್ಮ ಶಿರೂರು ನೆನಪಿಸಿಕೊಳ್ಳಿ. 2024ರ ಜುಲೈ 16ಕ್ಕೆ ಗುಡ್ಡ ಕುಸಿಯಿತು, ಚಾಲಕನ ಸಮೇತ ಗಂಗಾವಳಿ ಹೊಳೆ ಪಾಲಾದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟು ದಿನವೂ ಕಾದು ಕೂತ ಮನೆಯವರಿಗೆ ‘ಸಾಕು, ಕ್ರಿಯೆ ಮುಗಿಸಿ’ ಅನ್ನಲು ನಮಗೆ ಬಾಯಿ ಬರುತ್ತಿತ್ತಾ? ಅದಾದರೂ ಗುಡ್ಡ. ಅಲ್ಲಿ ಯುದ್ಧ ಕೊನೆಯಾದ ಮುಳ್ಳಿವಾಯ್ಕಾಲ್ ಹತ್ತಿರದ ವಟ್ಟುವಾಗಲ್ ಸೇತುವೆಯ ಬಳಿ ನಮ್ಮವರನ್ನು ನಾವೇ ಕೈಯಾರೆ ಸೈನ್ಯಕ್ಕೆ ಒಪ್ಪಿಸಿ ಬಂದೆವು ಅನ್ನುವ ತಾಯಂದಿರಿದ್ದಾರೆ. ಕಿಳಿನೊಚ್ಚಿಯಲ್ಲಿ ಅಂಥವರು 2017ರ ಫೆಬ್ರವರಿಯಲ್ಲಿ ಫೋಟೋ ಹಿಡಿದು ರಸ್ತೆ ಬದಿ ಕೂತರು. ವರ್ಷಗಟ್ಟಲೆ ಕೂತರು, ಕಾಯುತ್ತಲೇ ಎಷ್ಟೋ ಜನ ತೀರಿಕೊಂಡರು. ಕಾಣೆಯಾದವರಿಗಾಗಿ ಒಂದು ಕಚೇರಿ ತೆರೆಯಲು 2016ರಲ್ಲಿ ಕಾನೂನು ಬಂತು, ಸತ್ತರು ಅನ್ನದೆ ಕಾಣೆಯಾಗಿದ್ದಾರೆ ಅಂತಷ್ಟೇ ಹೇಳುವ ‘ಗೈರುಹಾಜರಿ ಪ್ರಮಾಣಪತ್ರ’ ಅಂತ ಒಂದು ಕಾಗದವೂ ಬಂತು. ಅವರು ಕೇಳಿದ್ದು ಕಾಗದ ಅಲ್ಲವಲ್ಲ, ನಮ್ಮವರನ್ನು ಕರೆದುಕೊಂಡು ಹೋಗಿ ಏನು ಮಾಡಿದಿರಿ ಅಂತ.

2025ರಲ್ಲಿ ಜಾಫ್ನಾ ಹತ್ತಿರದ ಚೆಮ್ಮಣಿಯ ಸಾಮೂಹಿಕ ಗೋರಿ ಅಗೆದಾಗ ಇನ್ನೂರಕ್ಕೂ ಜಾಸ್ತಿ ಅಸ್ಥಿಪಂಜರ ಸಿಕ್ಕವು. ಒಂದು ಮಗುವಿನ ಮೂಳೆಗಳ ಜೊತೆ ನೀಲಿ ಬಣ್ಣದ ಶಾಲೆ ಚೀಲ. ಆ ಚೀಲದ ಗುರುತು ಹಿಡಿಯಲು ಯಾರಾದರೂ ಕಾದಿದ್ದರೆ, ಅವರ ಎದುರು ಹೇಳಿ ನೋಡಿ, ಹಳೇ ಗಾಯ ಕೆದಕಬೇಡಿ ಅಂತ.

ಹಾಗಂತ ಸತ್ಯ ಒಂದೇ ಕಡೆಯದು ಬಂದರೆ ಆಗದು. ಹುಲಿಗಳು ಮಕ್ಕಳ ಕೈಗೆ ಬಂದೂಕು ಕೊಟ್ಟದ್ದು, 1990ರಲ್ಲಿ ಉತ್ತರ ಭಾಗದ ಮುಸ್ಲಿಮರನ್ನು ಮನೆ ಬಿಡಿಸಿ ಓಡಿಸಿದ್ದು, ಎಲ್ಲಾ ಬರಬೇಕು. (ಇದನ್ನು ಅವಳೆದುರು ಈಗಲೇ ತೆಗೆಯಬೇಡಿ, ಸುಮ್ನೆ ಜಗಳ.)

ನೀವೇ ಹೋಗಿ ಮಾತಾಡಿಸಿ. ಮಾವನ ಹೆಸರು ಕೇಳಿ, ಫೋಟೋ ಇದ್ದರೆ ತೋರಿಸು ಅನ್ನಿ. ಅವಳು ‘ಇದ್ದಾರೆ’ ಅಂದರೆ ‘ಇದ್ದರು’ ಅಂತ ತಿದ್ದಬೇಡಿ. ಮೇ 18ಕ್ಕೆ, ಯುದ್ಧ ಮುಗಿದ ದಿನದ ನೆನಪಿಗೆ, ಅವರ ಕಡೆ ಗಂಜಿ ಹಂಚುತ್ತಾರೆ. ಯುದ್ಧದ ಕೊನೆಯ ದಿನಗಳಲ್ಲಿ ಆ ಜನಕ್ಕೆ ಸಿಕ್ಕಿದ್ದು ಅಷ್ಟೇ, ಒಂಚೂರು ಅಕ್ಕಿ, ನೀರು, ಉಪ್ಪು. ಗಂಜಿ ಮಾಡುವುದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳ ಜೊತೆ ಕೂತು ಉಣ್ಣಿ. ಅವತ್ತೊಂದು ದಿನ ಮಾವಿನಮಿಡಿ ಬೇಡ.